ಮುನಿಶಾಮಮ್ಮ ನುಂಗಿದ ಬೆಣ್ಣೆ

ಚಿಂತಾಮಣಿ
೧೯ ಜನವರಿ ೨೦೨೫

ಮಗಳು ತನುಜಾಗೆ,

ಚಿಂತಾಮಣಿಯಿಂದ ನಿನ್ನ ಅಪ್ಪನ ಆಶೀರ್ವಾದ. ಇದರಲ್ಲಿ ಕ್ಯಾಲೊರಿ ಇಲ್ಲ, ಧಾರಾಳವಾಗಿ ತೆಗೆದುಕೋ. ಬರೆಯುವುದು ತಡವಾಯಿತು, ಬೈಯಬೇಡ. ಅವರೆಕಾಯಿ ಕಾಲ, ಹೋಟೆಲಿನಲ್ಲಿ ಉಸಿರಾಡಲೂ ಪುರಸೊತ್ತಿಲ್ಲ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಡಾಕ್ಟರು, ನಾನು ಪೇಶೆಂಟು. ಕಾಗದದಲ್ಲಾದರೂ ಅಪ್ಪನಾಗಿರೋಣ ಅನ್ನಿಸಿತು.

ಹೋದ ಸಲ ಬಂದಾಗ ನೀನು ಕೇಳಿದ್ದೆಯಲ್ಲ, "ಅಪ್ಪಾ, ನಿನ್ನ ಗಿರಾಕಿಗಳು ಹಿಂಗೆ ಊದ್ಕೊಳ್ಳೋದ್ರಲ್ಲಿ ನಿಂದೂ ಪಾಲಿಲ್ವಾ?" ಅಂತ. "ಬಾಯಿ ಅವರದು, ಹೊಟ್ಟೆ ಅವರದು, ನಾನೇನು ತುರುಕ್ತೀನಾ?" ಎಂದು ಹಾರಿಸಿಬಿಟ್ಟಿದ್ದೆ. ನಮ್ಮ ಹೊಟ್ಟೆಪಾಡು ಊರಿನವರ ಹೊಟ್ಟೆಯ ಪಾಡಾಗಿದೆ ಎಂದು ನಿನ್ನಮ್ಮ ಒಳಗಿನಿಂದ ಕುಟುಕಿದ್ದಳು. ಅದಕ್ಕೀಗ ಉತ್ತರ ಸಿಕ್ಕಿದೆ.

ಟೊಮ್ಯಾಟೊ ಮಂಡಿಯ ಬಯ್ಯಪ್ಪನವರು ನಿನಗೆ ಗೊತ್ತಲ್ಲ. ಮೂಲೆಯ ಬೆಂಚಿನಲ್ಲಿ ಇಬ್ಬರ ಜಾಗದಲ್ಲಿ ಒಬ್ಬರೇ ಕೂರುವ ತೂಕದ ಮನುಷ್ಯ. ನಿನ್ನ ತಾತ ಹಾಕಿಕೊಟ್ಟ ಪದ್ಧತಿಯಂತೆ ಹಳೆಯ ಗಿರಾಕಿಯ ದೋಸೆಗೆ ಕೇಳದೆಯೇ ಒಂದು ಉಂಡೆ ಬೆಣ್ಣೆ ಜಾಸ್ತಿ. ಕೇಳಿ ಹಾಕಿಸಿಕೊಳ್ಳುವವನು ಗಿರಾಕಿ, ಕೇಳದೆ ಹಾಕಿಸಿಕೊಳ್ಳುವವನು ನಮ್ಮವನು ಎನ್ನುತ್ತಿದ್ದರು ತಾತ. ಆ ಬೆಣ್ಣೆಯನ್ನು ಪಕ್ಕಕ್ಕೆ ಸರಿಸಿದರೆ ನಮ್ಮನ್ನೇ ಸರಿಸಿದಂತೆ. ಇದುವರೆಗೆ ಯಾರೂ ಸರಿಸಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಬಯ್ಯಪ್ಪನವರ ಎದೆಗೆ ಸ್ಟೆಂಟು ಹಾಕಿದರು. ವಾಸಿಯಾಗಿ ಬಂದವರಿಗೆ ನಾನು ಪ್ರೀತಿಯಿಂದ ಎರಡು ಉಂಡೆ ಹಾಕಿಸಿದೆ. ನಗಬೇಡ, ಅಳಲೂಬೇಡ. ಅವರೂ ಬೇಡ ಎನ್ನದೆ ತಿಂದರು.

ಮಾರನೆಯ ಬೆಳಿಗ್ಗೆ ಅವರ ಜೊತೆ ಹೆಂಡತಿ ಮುನಿಶಾಮಮ್ಮ ಬಂದರು. ಕಡ್ಡಿಯಂಥ ಹೆಂಗಸು, ಕಂಕುಳಲ್ಲಿ ಸ್ಟೀಲ್ ಡಬ್ಬಿ. ಗಂಡನ ಎದುರಿಗೆ ಕೂತರು. ದೋಸೆ ಬಂತು. ಆಕೆ ಕೈ ಚಾಚಿ ಬೆಣ್ಣೆಯನ್ನೆಲ್ಲ ಎತ್ತಿ ತಮ್ಮ ಅಂಗೈಯಲ್ಲಿಟ್ಟುಕೊಂಡು ಗಲ್ಲಾದ ಕಡೆ ತಿರುಗಿದರು.

"ಸ್ವಾಮಿ, ಡಾಕ್ಟ್ರು ಬೆಣ್ಣೆ ಬ್ಯಾಡ ಅಂದವ್ರೆ. ಇವ್ರನ್ನ ಕೇಳಿದ್ರೆ, ಮೂರ್ತಿಯೋರು ಪ್ರೀತಿಯಿಂದ ಹಾಕ್ತಾರೆ, ತೆಗ್ದಿಟ್ರೆ ನೊಂದ್ಕೊಂತಾರೆ ಅಂತಾರೆ. ನಿಮ್ ಮರ್ಯಾದೆನೂ ಉಳೀಬೇಕು, ನನ್ ಗಂಡನೂ ಉಳೀಬೇಕು. ಇದು ನಂಗಿರ್ಲಿ."

ಹೇಳಿ, ಒಂದೇ ಸಲಕ್ಕೆ ಬಾಯಿಗೆ ಹಾಕಿಕೊಂಡು ನುಂಗಿದರು. ಆಮೇಲೆ ಡಬ್ಬಿ ತೆರೆದು ತಮ್ಮ ರಾಗಿ ರೊಟ್ಟಿ ಮುರಿದರು. ನಂದಿಯ ಗುಡಿಯ ಕಂಬಗಳ ಮುಂದೆ ಚಿಕ್ಕಂದಿನಲ್ಲಿ ನೀನು ಬಾಯಿ ತೆರೆದು ನಿಂತುಬಿಟ್ಟಿದ್ದೆಯಲ್ಲ, ನಾನೂ ಹಾಗೇ ನಿಂತಿದ್ದೆ.

ವಾರವೆಲ್ಲ ಹೀಗೇ ನಡೆಯಿತು; ತಾತನ ಪದ್ಧತಿ ಬಿಡಲಾಗದೆ ನಾನು ಹಾಕಿಸುವುದು, ಆಕೆ ನುಂಗುವುದು. "ಮುನಿಶಾಮಮ್ಮಾ, ನಮ್ಮ ಖರ್ಚಲ್ಲಿ ದಪ್ಪ ಆಗೋ ಪ್ಲಾನಾ?" ಎಂದು ಒಮ್ಮೆ ತಮಾಷೆ ಮಾಡಿದೆ. ಆಕೆ ನಕ್ಕರು. ಅವತ್ತೇ ನಿನ್ನಮ್ಮ ಅಡಿಗೆಮನೆಗೆ ನನ್ನನ್ನು ಕರೆದು ಹೇಳಿದಳು: "ಏನ್ರೀ ನೀವು, ಅವ್ಳಿಗೆ ಬೆಣ್ಣೆ ವಾಸ್ನೆನೇ ಆಗಲ್ವಂತೆ. ದಿನಾ ಹಿತ್ತಲ ನಲ್ಲಿ ಹತ್ರ ಬಂದು ಓಕರಿಸ್ತಾಳೆ, ಬಾಯಿ ತೊಳ್ಕೊಂಡು ನಗ್ತಾ ಹೋಗಿ ಕೂತ್ಕೊಂತಾಳೆ."

ತನುಜಾ, ಇಷ್ಟು ವರ್ಷ ಗಲ್ಲಾದಲ್ಲಿ ಕೂತು ತಿನ್ನುವವರನ್ನು ನೋಡಿದ್ದೇನೆ. ಇನ್ನೊಬ್ಬರಿಗಾಗಿ ಹೀಗೆ ತಿನ್ನುವವರನ್ನು ನೋಡಿರಲಿಲ್ಲ.

ಮರುದಿನ ದೋಸೆ ಬೋಳಾಗಿ ಹೋಯಿತು. ನಾನೇ ಒಯ್ದು ಇಟ್ಟೆ. ತಾತನ ಫೋಟೋದ ಕಡೆ ನೋಡಲಿಲ್ಲ. ಬಯ್ಯಪ್ಪನವರ ಮುಖ ಇಳಿಯಿತು. "ಏನ್ ಸ್ವಾಮಿ, ನನ್ಮೇಲೆ ಕೋಪಾನಾ?" ಎಂದರು.

"ಕೋಪ ಅಲ್ಲ ಬಯ್ಯಪ್ಪನೋರೆ, ದುರಾಸೆ. ನೀವಿನ್ನೂ ಬಾಳ ವರ್ಷ ನನ್ನ ದೋಸೆ ತಿನ್ಬೇಕು."

ಅವರು ತಟ್ಟೆ ಹತ್ತಿರಕ್ಕೆ ಎಳೆದುಕೊಂಡು, "ಹಂಗಾದ್ರೆ ಸರಿ ಬಿಡಿ" ಎಂದು ದೋಸೆ ಮುರಿದರು. ಮುನಿಶಾಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಚಟ್ನಿ ಇನ್ನೊಂಚೂರು ಹಾಕಿಸ್ರಪ್ಪ" ಎಂದರು.

ಈಗ ಹಳೆಯ ಗಿರಾಕಿಗಳಿಗೆಲ್ಲ ಬೆಣ್ಣೆ ಕೇಳಿದರೆ ಮಾತ್ರ. ಒಬ್ಬಿಬ್ಬರು ಮುನಿಸಿಕೊಂಡು ಎದುರಿನ ಹೋಟೆಲಿಗೆ ಹೋಗಿದ್ದಾರೆ. ಹೋಗಲಿ. ನಿನ್ನ ಪ್ರಶ್ನೆಗೆ ಉತ್ತರ ಇಷ್ಟೇ: ಬಾಯಿ ಅವರದೇ, ಹೊಟ್ಟೆಯೂ ಅವರದೇ, ಆದರೆ ಬೇಡ ಎನ್ನಲಾಗದಂತೆ ಬಡಿಸಿದ ಕೈ ನನ್ನದು. ನನ್ನ ಪಾಲು ಇದೆ ಕಣಮ್ಮ.

ಅಮ್ಮನ ಮಂಡಿನೋವು ಪರವಾಗಿಲ್ಲ. ರಾತ್ರಿ ಡ್ಯೂಟಿ ಇದ್ದಾಗ ಸ್ವೆಟರ್ ಮರೆಯಬೇಡ. ನೂರು ಕಾಲ ಸುಖವಾಗಿ ಬಾಳು, ರೋಗಿಗಳನ್ನೂ ಸ್ವಲ್ಪ ನಗಿಸು.

ನಿನ್ನ ಅಪ್ಪ,
ನರಸಿಂಹಮೂರ್ತಿ

ಮರೆತಿದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು: ಮುನಿಶಾಮಮ್ಮನ ಡಬ್ಬಿಯ ಮುಚ್ಚಳದ ಸದ್ದಿಗೆ ನಿನ್ನ ನೆನಪಾಯಿತು. ಡಾಕ್ಟರಾದಾಗಿನಿಂದ ನೀನೂ ಊರಿಗೆ ಬಂದಾಗೆಲ್ಲ ಓಟ್ಸ್ ಡಬ್ಬಿ ತಂದು ಅದೇ ಮೂಲೆಯಲ್ಲಿ ಕೂತು ತಿನ್ನುತ್ತೀಯ. ನಾನೊಂದು ಜೋಕು ಹೊಡೆದು ಗಲ್ಲಾಕ್ಕೆ ಹೋಗಿಬಿಡುತ್ತೇನೆ. ಊರಿಗೆಲ್ಲ ಬಡಿಸುವವನ ಮಗಳು ಅವನ ಕೈಯ ಒಂದು ತುತ್ತೂ ಮುಟ್ಟುವುದಿಲ್ಲ. ಬೆಣ್ಣೆ ಎಣ್ಣೆ ಸೋಕದ ರಾಗಿ ದೋಸೆ ಕಲಿಯುತ್ತಿದ್ದೇನೆ. ಸದ್ಯಕ್ಕೆ ಕಾವಲಿ ಬಿಟ್ಟು ಏಳುತ್ತಿಲ್ಲ. ಯುಗಾದಿಯೊಳಗೆ ಎದ್ದೀತು. ಬರುವಾಗ ಡಬ್ಬಿ ತಾ, ಬೇಡ ಅನ್ನುವುದಿಲ್ಲ. ಖಾಲಿ ತಾ.