ಹಿಮದ ನಡುವ ಇಳಿದು ಬಂದ ಮಗನಿಗೆ

ಬೆಟಗೇರಿ
ಮಾರ್ಚ್ ೨೪, ಸೋಮವಾರ

ಪ್ರೀತಿಯ ವೀರೂ,

ಹೆಂಗದೀಯೋ ನನ್ನಪ್ಪಾ? ಮಣಕಾಲ ಬಾವು ಇಳೀತೋ ಇಲ್ಲೋ? ಉಪ್ಪು ಕಾಸಿ ಗಂಟು ಕಟ್ಟಿ ಶಾಖಾ ಕೊಟ್ಕೋ, ಬ್ಯಾಸರ ಮಾಡಬ್ಯಾಡ. ಮನಾಲಿಯಾಗ ಇನ್ನೂ ಥಂಡಿ ಹೋಗಿರಂಗಿಲ್ಲ, ಕಿವಿ ಮುಚ್ಚಿಕೊಂಡು ಅಡ್ಡಾಡು. ಇಲ್ಲಿ ಬಿಸಲು ಈಗಲೇ ಹಂಚಿನಂಗ ಕಾದೈತಿ. ನಿಮ್ಮಪ್ಪಾರು ಆರಾಮ ಅದಾರ, ನೇತ್ರಾ ಕಾಲೇಜಿಗೆ ಹೊಂಟಾಳ, ನನ್ನ ಕೆಮ್ಮು ಕಡಿಮಿ ಆಗೈತಿ. ನೀ ಫೋನ್ ಎತ್ತವಲ್ಲಿ. ನಿನ್ನೆ ಶಾಕೀರ ಸರ್ ಮಾಡಿದ್ರು. "ಸ್ಪರ್ಧಾ ಮುಗಿಸಿ ಬಂದಾಗಿಂದ ಖೋಲಿ ಬಿಟ್ಟು ಹೊರಗ ಬರವಲ್ಲ ಅಮ್ಮಾಜಿ, ಫೋನ್ ಕೊಟ್ರ ಗ್ವಾಡಿ ಕಡೆ ಮಾರಿ ಮಾಡ್ತಾನ. ನೀವ ಒಂದು ಕಾಗದ ಬರೀರಿ, ನಾ ಅವನ ಕೈಯಾಗ ಇಡ್ತೀನಿ" ಅಂದ್ರು. ನಿನಗೂ ನಿಮ್ಮಣ್ಣಗೂ ಹಿಮದಾಗ ನಿಲ್ಲಾಕ ಕಲಿಸಿದ ಮನಶ್ಯಾ, ಅವರ ಮಾತು ಮೀರಾಕ ಆಗಂಗಿಲ್ಲ. ಅದಕ ಬರ್ಯಾಕ ಕುಂತೀನಿ. ಅಕ್ಷರ ಸೊಟ್ಟ ಇದ್ರ ಹೊಂದಿಸಿಕೊಂಡು ಓದು.

ಮೊದಲ ನಿಮ್ಮಣ್ಣನ ಖಬರ. ಮಾದೇವನ ಸಮಾಧಿಗೆ ಕಲ್ಲು ಹಾಕಿಸಿದ್ವಿ. ಅಂವಾ ಹೋಗಿ ವರ್ಷದ ಮ್ಯಾಲಾತು, ಇನ್ನ ಬರೇ ಮಣ್ಣಿನಾಗ ಬಿಡಬಾರದು ಅಂತ ನಿಮ್ಮಪ್ಪಾರು ಶಿರಹಟ್ಟಿಗೆ ಹೋಗಿ ತಾವ ನಿಂತು ಕಲ್ಲು ಆರಿಸಿ ತಂದ್ರು. ಕಲ್ಲು ಕೆತ್ತಾಂವ, "ಹೆಸರಿನ ಕೆಳಗ ಏನ ಹಾಕ್ಲಿರಿ, ಅಂತರರಾಷ್ಟ್ರೀಯ ಆಟಗಾರ ಅಂತ ಹಾಕ್ಲ್ಯಾ?" ಅಂತ ಕೇಳಿದ. "ದೇವೇಂದ್ರಪ್ಪನ ಹಿರೇಮಗ ಅಂತ ಹಾಕು, ಸಾಕು" ಅಂದ್ರು. ಮನೀಗೆ ಬಂದು ಮಗ್ಗದ ಕುಣಿಯಾಗ ಕಾಲು ಇಳಿಬಿಟ್ಟು ಕುಂತ್ರು, ಲಾಳಿ ಮುಟ್ಟಲಿಲ್ಲ. ನಾ ಚಾ ಒಯ್ದು ಬಾಜೂಕ ಇಟ್ಟೆ. ಆರಿ ಹೋತು.

ಈ ಮನೀಗೆ ಹಿಮಾ ಹೆಂಗ ಬಂತು ಅಂತ ಊರಾಗ ಇವತ್ತಿಗೂ ಕೇಳ್ತಾರ. ನಿಮ್ಮಪ್ಪಾರಿಗೆ ಮನಾಲಿ ಹತ್ರ ಕುಲ್ಲೂದ ನೇಕಾರರ ಸಂಘದಾಗ ಮಗ್ಗಾ ಕಲಿಸೂ ಕೆಲಸಾ ಸಿಕ್ಕು ನಾವೆಲ್ಲಾ ಅಲ್ಲಿಗೆ ಹೋದಾಗ ನೀ ಇನ್ನೂ ನನ್ನ ಬಗಲಾಗ ಇದ್ದಿ. ಮಾದೇವ ಮಾತ್ರ ಮೊದಲನೇ ಚಳಿಗಾಲದಾಗ ಹಲಗಿ ಕಾಲಿಗೆ ಕಟ್ಕೊಂಡು ಜಾರಾಕ ಕಲತ. ನೀ ನಡ್ಯಾಕ ಬಂದ ಕೂಡ್ಲೆ ಅವನ ಅಂಗಿ ಚುಂಗು ಹಿಡದಿ. ಊರಿಂದ ತರಿಸಿದ ಜ್ವಾಳದ ಹಿಟ್ಟಿನ ರೊಟ್ಟಿ ಜೇಬಿನಾಗ ಮುರದು ಹಾಕ್ಕೊಂಡು ಹೋದ್ರ ಸಂಜಿಗೇ ನಿಮ್ಮ ಮಾರಿ ಕಾಣತಿತ್ತು. ನೀವು ದೊಡ್ಡವರಾದ ಮ್ಯಾಲ ನಾವು ಬೆಟಗೇರಿಗೆ ತಿರುಗಿ ಬಂದ್ವಿ, ನೀವಿಬ್ಬರೂ ಶಾಕೀರ ಸರ್ ಹತ್ರ ಉಳದ್ರಿ. ನೀವಾಡೂ ಹಾಫ್‌ಪೈಪ್ ಅಂದ್ರ ಏನೋ ಅಂತ ನಾ ಕೇಳಿದಾಗ ಮಾದೇವ ನಗಾಡಿಕೋತ ಹೇಳಿದ್ದ: "ನೀರಿನ ಕೊಳವಿ ಉದ್ದಕ ಸೀಳಿದ್ರ ಹೆಂಗಿರತೈತಿ, ಹಂಗ ಹಿಮದಾಗ ಕಡದಿರ್ತಾರ ಅವ್ವಾ. ಎರಡೂ ಕಡೆ ಗ್ವಾಡಿ ಮಾಳಗಿ ಮನೀಗಿಂತ ಎತ್ತರ. ಒಂದು ಗ್ವಾಡಿ ಇಳದು ಇನ್ನೊಂದು ಏರಿ, ಅಂಚು ದಾಟಿ ಹಾರಿ, ಗಾಳ್ಯಾಗ ಪಲ್ಟಿ ಹೊಡದು ಮತ್ತ ಅದ ಗ್ವಾಡಿಗೆ ಇಳೀಬೇಕು." ನೀ ಅವನ ಬಾಯಿ ನೋಡಕೋತ ಕುಂತಿದ್ದಿ, ದೇವರ ಮುಂದ ಕುಂತಂಗ.

ಸ್ಪರ್ಧಾಕ್ಕ ಅಂತ ಹೋದ ಪರದೇಶದಾಗ ಅಭ್ಯಾಸಕ್ಕ ಇಳದಾಗ ಅವನಿಗೆ ಏನಾತು ಅನ್ನೂದು ನಿನಗಿಂತ ಚಲೋ ಯಾರಿಗೆ ಗೊತ್ತೈತಿ? ಎರಡು ಪಲ್ಟಿ, ಮೂರೂವರಿ ಸುತ್ತು. ಇಳ್ಯಾಕ ಹೋಗಿ ಗ್ವಾಡಿ ಅಂಚಿಗೆ ಬಡದ. ದವಾಖಾನಿಯಾಗ ಅವನ ಕೈ ಹಿಡಕೊಂಡು ಕುಂತಾಂವ ನೀನ, ಪೆಟಿಗಿ ಸಂಗಾಟ ಹುಬ್ಬಳ್ಳಿಗೆ ಬಂದಾಂವ ನೀನ. ನಾ ಮಾರಿ ನೋಡಿದಾಗ ಅಂವಾ ನನ್ನ ಮಗನಂಗ ಇರಲಿಲ್ಲ, ಯಾರೋ ತಣ್ಣಗಾದ ಹುಡುಗನಂಗ ಇದ್ದ. ಮಣ್ಣು ಕೊಡೂ ಮುಂದ ನೀ ಎಲ್ಲಾರ ಎದುರಿಗೆ, "ಅಣ್ಣ ಬಿಟ್ಟಿದ್ದ ನಾ ಮುಗಸ್ತೀನಿ" ಅಂದಿ. ಮಂದಿ ಕಣ್ಣೀರು ಒರಸಿಕೊಂಡು ಶಾಬಾಸ ಅಂದ್ರು. ನನಗ ಆಗಲೇ ಇನ್ನೊಂದು ಕುಣಿ ಕಂಡಂಗಾತು.

ನಿನ್ನ ಸ್ಪರ್ಧಾದ ಫೈನಲ್ ದಿವಸ ಮನಿ ತುಂಬಿತ್ತು. ಲಕ್ಷ್ಮೇಶ್ವರದಿಂದ ನಿಮ್ಮ ಅತ್ತಿ ಯಮನವ್ವ, ಬಾಜೂ ಮನಿ ರೋಶನಬಿ, ಓಣಿ ಮಂದಿ, ಕಳಕಪ್ಪ ಕಾಕಾ ಪಟಾಕಿ ಸರ ತಂದು ಬಾಗಲಾಗ ಇಟ್ಟಿದ್ದ. ನೇತ್ರಾ ಮೊಬೈಲ್ ಟಿವಿಗೆ ಹಚ್ಚಿದ್ಲು. ಮೂರು ಸರ್ತಿ ಇಳೀಬೇಕು, ಚಲೋ ಆಗಿದ್ದು ಒಂದ ಲೆಕ್ಕಕ್ಕ ಹಿಡೀತಾರ ಅಂತ ಆಕೀನ ಎಲ್ಲಾರಿಗೂ ತಿಳಿಸಿದ್ಲು. ಮೊದಲನೇದ್ರಾಗ ನೀ ಬಿದ್ದಿ, ಮಣಕಾಲು ಹಿಡಕೊಂಡು ಎದ್ದಿ. ಎರಡನೇದ್ರಾಗ ಗಾಳ್ಯಾಗ ಇದ್ದಾಗಲೇ ಸುತ್ತು ಬಿಚ್ಚಿ ಹೆಂಗೋ ಇಳದಿ. ಮೂರನೇದಕ್ಕ ಮ್ಯಾಲ ಹೋಗಿ ನಿಂತಿ. ನಿಂತಿ, ನಿಂತ ಬಿಟ್ಟಿ. ಶಾಕೀರ ಸರ್ ನಿನ್ನ ಬೆನ್ನ ಮ್ಯಾಲ ಕೈ ಇಟ್ಟದ್ದು ಕಾಣಿಸ್ತು. ಆಮ್ಯಾಲೆ ನೀ ಹೊಂಟಿ. ಆ ಗ್ವಾಡಿಗೆ ಹೋಗಲಿಲ್ಲ, ಈ ಗ್ವಾಡಿಗೆ ಹೋಗಲಿಲ್ಲ. ನಡುವ, ತಳದಾಗ, ತಲಿ ತಗ್ಗಿಸಿ ನೆಟ್ಟಗ ಜಾರಿ ಬಂದಿ. ನಿನ್ನ ಹೆಸರು ಕಟ್ಟಕಡೀಗೆ ಬಂತು.

ಕಳಕಪ್ಪ, "ಅಂಜಿಬಿಟ್ಟ ನೋಡು, ಅಣ್ಣಗ ಕೊಟ್ಟ ಮಾತು ಉಳಸಲಿಲ್ಲ" ಅಂದ. ನಿಮ್ಮಪ್ಪಾರು ಕುಂತಲ್ಲಿಂದ ಎದ್ರು. ಅವರು ದನಿ ಏರಿಸಿದ್ದು ಈ ಮನ್ಯಾಗ ನಾ ಎಂದೂ ಕೇಳಿಲ್ಲ. "ನನ್ನ ಮಗ ಕೆಳಗ ಬಂದಾನ. ಜೀವಂತ ಬಂದಾನ. ನೀವೆಲ್ಲಾ ಈಗ ಎದ್ದು ಹೋಗ್ರಿ" ಅಂದ್ರು. ಯಮನವ್ವನೂ ಚಪ್ಪಲಿ ಹುಡುಕ್ಯಾಡಿದ್ಲು. ರೋಶನಬಿ ಒಬ್ಬಾಕಿ ನನ್ನ ಕೈ ಬಿಡದ ಕುಂತ್ಲು. ನನಗ ಏನಾತು ಹೇಳ್ಲಿ? ನೀ ತಳಾ ಮುಟ್ಟಿದ್ದ ನೋಡಿ ಎದಿಯಾಗ ಹಾಲು ಸುರದಂಗಾತು. ಅದರ ಬೆನ್ನಿಗೇ, ಮಾದೇವನೂ ಅವತ್ತ ಹಿಂಗ ನಡುವ ಇಳದು ಬಂದಿದ್ರ ಅಂತ ಅನಿಸಿ, ಸೆರಗು ಬಾಯಾಗ ತುರುಕಿಕೊಂಡೆ. ಒಬ್ಬ ಮಗ ಉಳದ ಸಂತೋಷ ಇನ್ನೊಬ್ಬನ ಮ್ಯಾಲ ಮತ್ತೊಮ್ಮೆ ಮಣ್ಣು ಹಾಕಿದಂಗ ಆಗತೈತಿ, ಇದನ್ನ ಯಾರ ಮುಂದ ಹೇಳ್ಲಿ? ನಿನಗ ಹೇಳೀನಿ.

ನೀ ಮಾರಿ ತೋರಿಸಾಕ ನಾಚತೀಯಂತ. ಯಾರಿಗೆ ನಾಚೂದು? ನಿಮ್ಮಪ್ಪಾರು ದಿನಾ ರೈಲಿನ ಹೊತ್ತಿಗೆ ಅಂಗಿ ಹಾಕ್ಕೊಂಡು ಗದಗ ಸ್ಟೇಷನ್‌ಗೆ ಹೋಗಿ ಬರ್ತಾರ. ಎಲ್ಲಿ ಹೋಗಿದ್ರಿ ಅಂದ್ರ, ತರಕಾರಿ ತರಾಕ ಅಂತಾರ. ಬರಿಗೈಲೆ ಬರ್ತಾರ. ಮತ್ತ ಆಡು, ಇಲ್ಲಾ ಬಿಡು, ಅದು ನಿನ್ನ ಮನಸಿಗೆ ಬಿಟ್ಟದ್ದು. ಆದ್ರ ಮೊದಲ ಮನೀಗೆ ಬಾ. ಅಣ್ಣನ ಕಲ್ಲಿನ ಮುಂದ ಒಬ್ಬನ ಕುಂತು ಅತ್ತುಬಿಡು. ಅವತ್ತ ನೀ ಅಳಲಿಲ್ಲ, ಭಾಷೆ ಕೊಟ್ಟಿ.

ನೇತ್ರಾ ಅಣ್ಣಗ ನೆನಪು ಹೇಳಂದಾಳ. ಶಾಕೀರ ಸರ್‌ಗೆ ನಮ್ಮ ಸಲಾಮ ತಿಳಿಸು. ಉಣ್ಣು, ಮಲಕೋ, ನನ್ನ ಆಯುಷ್ಯ ನಿನಗ ಹತ್ತಲಿ.

ನಿನ್ನ ಅವ್ವ,
ಗದಿಗೆವ್ವ

ತಾ.ಕ.: ಲಕೋಟಿ ಅಂಟಿಸಿ ಮತ್ತ ಬಿಚ್ಚೀನಿ. ಸತ್ತ ಮಗನಿಗೆ ಕೊಟ್ಟ ಮಾತು ಮುರಿಯಾಕತ್ತೀನಿ, ಅಂವಾ ಸಿಟ್ಟಾಗಲಿ. ಬೀಳೂ ಹಿಂದಿನ ದಿವಸ ಮಾದೇವ ನನಗ ಫೋನ್ ಮಾಡಿದ್ದ. "ಅವ್ವಾ, ಈ ಹಾರಿಕೀಗೆ ನಂಗ ಭಾಳ ಅಂಜಿಕಿ ಬರತೈತಿ, ಕಾಲು ತಣ್ಣಗಾಗ್ತಾವು. ನಾಳೆ ಒಂದು ಸಲ ನೋಡ್ತೀನಿ, ಆಗ್ಲಿಲ್ಲಂದ್ರ ಬಿಟ್ಟಬಿಡ್ತೀನಿ. ವೀರೂಗ ಮಾತ್ರ ಹೇಳಬ್ಯಾಡ, ನನಗ ಅಂಜಿಕೀನ ಇಲ್ಲಂತ ತಿಳಕೊಂಡಾನ ಅಂವಾ" ಅಂದ. ಅಷ್ಟ, ನನ್ನಪ್ಪಾ. ಅವನಿಗೂ ಅಂಜಿಕಿ ಇತ್ತು. ನೀ ಬಾ.