ಮಂಚದ ಅಳತೆ

ಮಾರ್ಚ್ 17, ಭಾನುವಾರ ಮಧ್ಯಾಹ್ನ

ಇವಳೇ,

ಇಷ್ಟು ವರ್ಷ ಹೆಸರು ಹಿಡಿದು ಕರೆದವನಲ್ಲ. ಈಗ ಕಾಗದದಲ್ಲಿ ಶುರುಮಾಡಿದರೆ ಬೇರೆ ಯಾರಿಗೋ ಬಂದದ್ದು ಎಂದು ಪಕ್ಕಕ್ಕಿಟ್ಟುಬಿಡುತ್ತೀಯ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಮಂಡಿನೋವು ಹಾಗೇ ಇದೆ, ಕಣ್ಣು ಮೊದಲಿಗಿಂತ ಮಂಜು, ಉಳಿದದ್ದಕ್ಕೆ ದೂರಿಲ್ಲ. ನಿಮ್ಮಕ್ಕ ಕೋಲಿಲ್ಲದೆ ಓಡಾಡುತ್ತಿದ್ದಾರೆಂದು ಮಗಳು ಹೇಳಿದಳು, ಸಂತೋಷವಾಯಿತು. ನಿನ್ನ ಕಾಗದ ಬಂದು ಐದು ವಾರವಾಯಿತು, ಉತ್ತರ ತಡವಾದದ್ದಕ್ಕೆ ಬೈಯಬೇಡ. ಫೋನಿನಲ್ಲಿ ‘ಊಟ ಆಯ್ತಾ’ ಎಂಬುದರಾಚೆ ನನಗೆ ಮಾತು ಹೊರಡುವುದಿಲ್ಲ. ಬರೆಯೋಣವೆಂದರೆ ಶಾಲೆ ಮಕ್ಕಳ ಸಮವಸ್ತ್ರದ ಕೆಲಸ ಕುತ್ತಿಗೆಯ ಮೇಲೆ ಕೂತಿತ್ತು.

ಅದೂ ನೆಪವೇ. ನಿಜ ಹೇಳಬೇಕೆಂದರೆ ನಿನ್ನ ಕಾಗದ ಓದಿ ಸಿಟ್ಟು ನೆತ್ತಿಗೇರಿತ್ತು. ಅಕ್ಕನ ಸೊಂಟದ ಮೂಳೆ ಮುರಿದಿದೆ, ಎರಡು ತಿಂಗಳು ನೋಡಿಕೊಂಡು ಬಂದುಬಿಡುತ್ತೇನೆ ಎಂದು ಹೊರಟವಳು ನೀನು. ಆರು ತಿಂಗಳಾದ ಮೇಲೆ ‘ಇನ್ನಷ್ಟು ದಿನ ಇಲ್ಲೇ ಇರ್ತೀನಿ, ಆ ಮನೇಲಿ ನಂಗೆ ಜಾಗ ಎಲ್ಲಿದೆ ಹೇಳಿ’ ಎಂದು ಬರೆದೆ. ಇಪ್ಪತ್ತೊಂಬತ್ತು ವರ್ಷ ಬಾಳಿದ ಮನೆಯಲ್ಲಿ ಜಾಗ ಇಲ್ಲ ಎಂದರೇನರ್ಥ, ಇಷ್ಟು ದಿನ ನಿನ್ನನ್ನು ಗೋಡೆಗೆ ನೇತುಹಾಕಿದ್ದೆನೇ ಎಂದು ಮಗಳೆದುರು ಕೂಗಾಡಿದೆ. ಅವಳು ಕಾಗದವನ್ನು ಎರಡು ಸಲ ಓದಿ ಮಡಿಸಿಟ್ಟಳು. ‘ಅಪ್ಪ, ಅಮ್ಮ ಈ ಮನೇಲಿ ಕೂತಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ದೀಯಾ? ಎಲ್ಲಿ ಕೂತ್ಕೋತಿದ್ಲು, ತೋರ್ಸು’ ಅಂದಳು.

ತೋರಿಸಲು ಎದ್ದೆ. ಹತ್ತಡಿಗೆ ಹನ್ನೆರಡಡಿ ಕೋಣೆ, ಸುತ್ತಿ ಬರಲು ಎಷ್ಟು ಹೊತ್ತು ಬೇಕು? ಕಿಟಕಿಯ ಕೆಳಗೆ ಹೊಲಿಗೆ ಮಶೀನು, ನಡುವೆ ಬಟ್ಟೆ ಕತ್ತರಿಸುವ ಮೇಜು, ಅದರ ಹೊಟ್ಟೆಯೊಳಗೆ ಗಿರಾಕಿಗಳ ಗಂಟು, ಗೋಡೆಗೆ ಬೀರು. ಅಡುಗೆಮನೆಯಲ್ಲಂತೂ ಒಬ್ಬರು ಒಳಗೆ ಬರಬೇಕಾದರೆ ಇನ್ನೊಬ್ಬರು ಹೊರಗೆ ಹೋಗಬೇಕು. ಒಂದು ಸುತ್ತು ಹಾಕಿ ಬಂದು ಮತ್ತೆ ಮಶೀನಿನ ಮುಂದೆಯೇ ಕೂತೆ. ಮನೆಯಲ್ಲಿ ಇದ್ದ ಕೂರುವ ಜಾಗ ಅದೊಂದೇ. ಮಗಳು ಟೀ ಮಾಡಿಕೊಟ್ಟು ಬಸ್ಸಿಗೆ ಹೊರಟಳು.

ಮಾರನೇ ದಿನವೇ ಮೂಲೆ ಅಂಗಡಿಯ ಬಡಗಿಯನ್ನು ಕರೆಸಿದೆ. ಅದೇ, ನೀನು ಗೊಣಗಪ್ಪ ಎಂದು ಹೆಸರಿಟ್ಟಿದ್ದೀಯಲ್ಲ, ಅವನು. ಬಾಗಿಲಲ್ಲಿ ನಿಂತು ಒಂದು ಸಲ ಕಣ್ಣಾಡಿಸಿ, ‘ಇದು ಮನೆಯಲ್ಲ, ಮಶೀನಿನ ಡಬ್ಬಿ. ಮಶೀನ್ ಇಟ್ಟು ಉಳಿದ ಸಂದೀಲಿ ಸಂಸಾರ ಮಾಡಿದ್ದೀರಿ’ ಎಂದು ಶುರುಹಚ್ಚಿಕೊಂಡ. ಗೊಣಗಲಿ ಬಿಡು, ಕೈ ಒಳ್ಳೆಯದು. ಕತ್ತರಿಸುವ ಮೇಜನ್ನು ಕೊಯ್ದು, ಹಲಗೆಗೆ ಕೀಲು ಹಾಕಿ ಗೋಡೆಗೆ ಕೂರಿಸಿದ್ದಾನೆ. ಕೆಲಸವಿದ್ದಾಗ ಇಳಿಸುವುದು, ಮುಗಿದ ಮೇಲೆ ಎತ್ತಿ ಚಿಲಕ ಹಾಕುವುದು. ಬಾಗಿಲ ತಲೆಯ ಮೇಲೆ ಉದ್ದಕ್ಕೂ ಒಂದು ಅಟ್ಟಣೆ ಹೊಡೆದ, ಗಂಟುಗಳೆಲ್ಲ ಈಗ ಅಲ್ಲಿ. ಒಂದೊಂದು ಸಲ ನನ್ನ ತಲೆಯ ಮೇಲೇ ಬೀಳುತ್ತವೆ, ಆದರೂ ನೆಲ ಕಾಣುತ್ತದೆ. ನಮ್ಮ ಮನೆಯ ನೆಲ ಕೆಂಪು ಎನ್ನುವುದೇ ನನಗೆ ಮರೆತುಹೋಗಿತ್ತು.

ಮಶೀನನ್ನು ಕಿಟಕಿಯಿಂದ ತೆಗೆದೆ. ಎದುರುಮನೆಯ ಬಸ್ ಡ್ರೈವರ್ ಒಂದು ಕಡೆ, ನಾನು ಒಂದು ಕಡೆ ಹಿಡಿದು ಬಾಗಿಲ ಹಿಂದಕ್ಕೆ ಸಾಗಿಸುವಷ್ಟರಲ್ಲಿ ಇಬ್ಬರಿಗೂ ಸಾಕುಸಾಕಾಯಿತು. ಅಲ್ಲಿ ಬೆಳಕು ಸಾಲದು. ಸೂಜಿಗೆ ದಾರ ಪೋಣಿಸಲು ಮೂರು ಸಲ ಎಂಜಲು ಹಚ್ಚಬೇಕು, ಸಂಜೆಯಾಗುವಷ್ಟರಲ್ಲಿ ತಲೆ ಸಿಡಿಯುತ್ತದೆ. ಹೇಳಿಕೊಳ್ಳುವುದಕ್ಕೆ ಬರೆದದ್ದಲ್ಲ, ಇದ್ದದ್ದು ಬರೆದೆ. ಸಾಗಿಸುವಾಗ ಮಶೀನಿನ ಕಬ್ಬಿಣದ ಕಾಲಿಗೆ ನೀನು ಸುತ್ತಿ ಹೊಲಿದಿದ್ದ ಹಳೆ ಬಟ್ಟೆ ಕೈಗೆ ಸಿಕ್ಕಿತು. ತುಕ್ಕು ಹಿಡಿಯದಿರಲಿ ಎಂದು ಸುತ್ತಿದ್ದೀಯೇನೋ. ಒಂದು ಪಕ್ಕದ ಕಾಲಿಗೆ ಮಾತ್ರ ಇದೆ, ಇನ್ನೊಂದು ಪಕ್ಕದ್ದು ಬೆತ್ತಲೆ. ಹೊಲಿಗೆ ಮಾತ್ರ ನನ್ನದಕ್ಕಿಂತ ಸಣ್ಣದು, ಒಪ್ಪಿದೆ.

ಇನ್ನೊಂದು ಸುದ್ದಿ: ಬೀರುವಿನ ಎರಡೂ ಬಾಗಿಲು ಈಗ ಪೂರ್ತಿ ತೆರೆಯುತ್ತವೆ. ಮೇಜಿಗೆ ತಾಗುತ್ತಿದ್ದುದರಿಂದ ಎಡಗಡೆಯದು ತಂದ ದಿನದಿಂದ ಅರ್ಧವೇ ತೆರೆಯುತ್ತಿತ್ತಲ್ಲ, ನೀನು ಒಳಗೆ ಕೈತೂರಿಸಿ ತಡಕಾಡಿ ನಿನ್ನ ಬಟ್ಟೆ ಎಳೆಯುತ್ತಿದ್ದೆಯಲ್ಲ. ಒಳಗೆ ಎಷ್ಟು ಜಾಗ ಇದೆ ಎಂದು ನೋಡಿ ನನಗೇ ನಾಚಿಕೆಯಾಯಿತು.

ಕಿಟಕಿಯ ಹತ್ತಿರ ಒಂದು ಕುರ್ಚಿ ಹಾಕಿದ್ದೇನೆ. ನಮ್ಮ ಬೀದಿಯ ಹಲ್ಲಿನ ಡಾಕ್ಟರು ಕ್ಲಿನಿಕ್ಕು ಹೊಸದು ಮಾಡುತ್ತಿದ್ದಾರೆ, ಕಾಯುವವರ ಕುರ್ಚಿಗಳನ್ನು ಕೊಟ್ಟುಬಿಟ್ಟರು. ಹೆದರಿಕೊಂಡು ತುದಿಯಲ್ಲಿ ಕೂತವರೇ ಹೆಚ್ಚು, ಹಾಗಾಗಿ ಹಿಂಬದಿ ಸವೆದೇ ಇಲ್ಲ. ಮೆತ್ತೆಯ ಬಟ್ಟೆ ಬದಲಿಸಿ ನೀಲಿ ಹಾಕಿದ್ದೇನೆ. ನಾನು ಅದರಲ್ಲಿ ಕೂತಿಲ್ಲ. ಡ್ರೈವರ್ ಕೂರಲು ಹೋದ, ಎಬ್ಬಿಸಿದೆ.

ಇನ್ನು ಮಂಚದ ಸಮಾಚಾರ. ನೆಲದ ಮೇಲೆ ಮಲಗಿ ಏಳಲು ಇಬ್ಬರಿಗೂ ವಯಸ್ಸಲ್ಲ. ಮಶೀನು ತೆಗೆಯುವುದಕ್ಕೆ ಮೊದಲೇ, ಎರಡು ಮಂಚ ಮಾಡು, ಅಡಿಯಲ್ಲಿ ಎಳೆಯುವ ಪೆಟ್ಟಿಗೆ ಇರಲಿ ಎಂದು ಗೊಣಗಪ್ಪನಿಗೆ ಹೇಳಿದ್ದೆ. ಅಳತೆ ನಾನೇ ತೆಗೆದೆ, ನಲವತ್ತು ವರ್ಷ ಟೇಪು ಕೊರಳಿಗೆ ಹಾಕಿಕೊಂಡವನು ಇನ್ನೊಬ್ಬನ ಕೈಗೆ ಕೊಡುತ್ತೇನೆಯೇ. ನಾನು ಮಲಗುವ ಜಾಗ ಅಳೆದು ಬರೆದೆ. ನೀನು ಮಲಗುವ ಜಾಗ, ಬೀರುವಿನಿಂದ ಮಶೀನಿನವರೆಗೆ, ಅಳೆದು ಬರೆದೆ. ನಾಲ್ಕೂವರೆ ಅಡಿ. ಅವನು ಚೀಟಿ ನೋಡಿ, ‘ಚಿಕ್ಕದು ಯಾರಿಗೆ? ಮೊಮ್ಮಗುವಿಗಾ?’ ಎಂದ.

‘ನಮ್ಮನೆಯವಳಿಗೆ’ ಅಂದೆ.

‘ಅವರು ಎಷ್ಟು ಎತ್ತರ?’

‘ನನ್ನ ಕಿವಿಗೆ ಬರ್ತಾಳೆ.’

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ‘ಹಾಗಾದ್ರೆ ಕಾಲು ಎಲ್ಲಿ ಇಟ್ಕೋತಾರೆ?’

ಅವಳು ಮುದುಡಿಕೊಂಡೇ ಮಲಗೋದು, ಮೊದಲಿಂದಲೂ ಅದೇ ಅಭ್ಯಾಸ ಎಂದೆ. ಅವನು ಗೊಣಗಲಿಲ್ಲ. ಪೆನ್ಸಿಲು ಕಿವಿಗೆ ಸಿಕ್ಕಿಸಿಕೊಂಡು, ‘ಮರ ಕೊಯ್ದ ಮೇಲೆ ಉದ್ದ ಮಾಡೋಕಾಗಲ್ಲ. ಕೇಳಿ ಹೇಳಿ’ ಎಂದು ಚೀಟಿ ವಾಪಸು ಕೊಟ್ಟು ಹೋದ. ನನ್ನ ಮಂಚ ಮೊನ್ನೆ ಬಂತು. ನಿನ್ನದರ ಕೆಲಸ ಹಾಗೇ ನಿಂತಿದೆ.

ಅಳತೆ ಪುಸ್ತಕ ತೆಗೆದು ನೋಡಿದೆ. ಈ ಬೀದಿಯವರೆಲ್ಲ ಅದರಲ್ಲಿದ್ದಾರೆ, ಸತ್ತವರೂ ಇದ್ದಾರೆ. ಹಲ್ಲಿನ ಡಾಕ್ಟರ ಹೊಟ್ಟೆ ಯಾವ ವರ್ಷ ಎಷ್ಟಿತ್ತು ಎಂದು ಹೇಳಬಲ್ಲೆ. ನೀನು ಮಾತ್ರ ಇಲ್ಲ. ನಿನ್ನ ಬಟ್ಟೆಯನ್ನು ನೀನೇ ಹೊಲಿದುಕೊಳ್ಳುತ್ತಿದ್ದೆ, ನಾನು ಊಟಕ್ಕೆ ಎದ್ದ ಹೊತ್ತಿನಲ್ಲಿ.

ಮನೆ ಹೀಗಿದೆ. ಈಗಲೂ ಹತ್ತಡಿಗೆ ಹನ್ನೆರಡಡಿಯೇ, ನಿಮ್ಮಕ್ಕನ ಮನೆಯ ಹಾಗೆ ಮೂರು ಕೋಣೆ ಆಗಿಲ್ಲ, ಆಗುವುದೂ ಇಲ್ಲ. ಬಾ ಎಂದು ಒತ್ತಾಯ ಮಾಡುವ ಶಕ್ತಿ ನನಗಿಲ್ಲ, ಬಾಯಿಯೂ ಇಲ್ಲ. ದಿನವಿಡೀ ಹಲಗೆ ಇಳಿಸಿ, ಎತ್ತಿ ಸುಸ್ತಾಗುತ್ತದೆ, ಒಬ್ಬನೇ ಇರುವ ಮನೆಯಲ್ಲಿ ಇಷ್ಟೊಂದು ಜಾಗ ಏಕೆ ಮಾಡಿದೆ ಎನಿಸುತ್ತದೆ. ನೀಲಿ ಕುರ್ಚಿಯ ಮೇಲೆ ಧೂಳು ಕೂರುತ್ತದೆ, ದಿನಾ ಒರೆಸುತ್ತೇನೆ.

ನಿಮ್ಮಕ್ಕನಿಗೆ ನನ್ನ ನಮಸ್ಕಾರ ಹೇಳು, ಮೆಟ್ಟಿಲು ಹತ್ತುವಾಗ ಜೋಪಾನ ಎನ್ನು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು, ಆರೋಗ್ಯ ನೋಡಿಕೋ. ನನಗಿಂತ ಹೆಚ್ಚು ಕಾಲ ಸುಖವಾಗಿ ಬಾಳು, ನನ್ನ ಆಶೀರ್ವಾದ ಅಷ್ಟೇ.

ಇಂತಿ,
ನೀನು ‘ರೀ’ ಎಂದು ಕರೆಯುವವನು

ಕಾಗದ ಮಡಿಸುವ ಮೊದಲು ಇನ್ನೊಂದು ಮಾತು. ತುಕ್ಕಿನ ವಿಷಯ ಮೇಲೆ ಬರೆದೆನಲ್ಲ, ಅದು ಸುಳ್ಳು. ಗೊಣಗಪ್ಪ ಚೀಟಿ ಕೊಟ್ಟು ಹೋದ ಮಧ್ಯಾಹ್ನ, ಮಶೀನು ಇನ್ನೂ ಕಿಟಕಿಯ ಕೆಳಗೇ ಇದ್ದಾಗ, ನಿನ್ನ ಹಾಸಿಗೆ ಹಾಸಿ ನಿನ್ನ ಜಾಗದಲ್ಲಿ ಮಲಗಿದೆ. ತಲೆ ಬೀರುವಿಗೆ ತಾಗಿತು. ಮಂಡಿ ಬಿಡಿಸುವ ಮೊದಲೇ ಹಿಮ್ಮಡಿ ಮಶೀನಿನ ಕಾಲಿಗೆ ತಾಗಿತು, ಸರಿಯಾಗಿ ಆ ಬಟ್ಟೆ ಸುತ್ತಿದ ಕಡೆಗೇ. ಬಟ್ಟೆ ಹಿಮ್ಮಡಿಯ ಆಕಾರಕ್ಕೆ ಸವೆದಿದೆ. ಒಳಗೆ ಅದಕ್ಕಿಂತ ಹಳೆಯದು ಒಂದಿದೆ, ಅದರೊಳಗೆ ಇನ್ನೊಂದು. ನೀನು ಯಾವತ್ತಾದರೂ ಹೇಳಿದ್ದೆಯಾ? ಹೇಳಿರಬೇಕು. ನಾನು ಹೊಲಿಯುತ್ತಿದ್ದೆ. ಹೊಸ ಚೀಟಿಯಲ್ಲಿ ಮಂಚದ ಅಗಲ ಬರೆದಿದ್ದೇನೆ, ಉದ್ದದ ಜಾಗ ಖಾಲಿ ಬಿಟ್ಟಿದ್ದೇನೆ. ಯಾರ ಕೈಯಲ್ಲಾದರೂ ಅಳೆಸಿ ನಿನ್ನ ಎತ್ತರ ಬರೆದು ಕಳಿಸು. ಬರುವುದಿಲ್ಲ ಎಂದು ತೀರ್ಮಾನಿಸಿದ್ದರೂ ಕಳಿಸು.