ಖಾನಾಪುರದಾಗ ಎಂಟ ಮಂದಿ

ವಡಗಾವಿ, ಬೆಳಗಾವಿ
ಸೋಮವಾರ, ೨೪ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮಾ ಅಮರ,

ಪಕ್ಕಲುಬಿನ ನೋವು ಈಗ ಹೆಂಗೈತಿ? ಸ್ಟೇರಿಂಗ್ ಬಡದ ಜಾಗಾ ಉಸರ ಎಳಕೊಂಡಾಗೊಮ್ಮೆ ಚುಚ್ಚತೈತಂತ ಕಾಶವ್ವತ್ತಿ ಹೇಳಿದ್ಲು. ಡಾಕ್ಟರ ಕೊಟ್ಟ ಪಟ್ಟಾ ಬಿಚ್ಚಬ್ಯಾಡ, ಸೆಕಿ ಆದ್ರೂ ಕಟಗೊಂಡಿರು. ನೀ ಅಟ್ಟದ ಮ್ಯಾಲಿಂದ ಇಳಿಯೂದಿಲ್ಲಂತ, ತಾಟ ಹೆಂಗ ಏರಿ ಹೋಗತೈತೋ ಹಂಗ ಇಳದ ಬರತೈತಂತ, ಅದನ್ನೂ ಹೇಳಿದ್ಲು. ಅಕಿ ಮ್ಯಾಲ ಸಿಟ್ಟಾಗಬ್ಯಾಡೋ, ನಾನ ಒತ್ತಿ ಕೇಳೀನಿ. ನಿನ್ನ ಫೋನ್ ಬಂದ್ ಐತಿ, ಅತ್ತಿ ಫೋನಿನ್ಯಾಗ ಕರದ್ರೂ ನೀ ಮಾತಾಡೂದಿಲ್ಲ. ಅದಕ್ಕ ಸಾಲಿ ಬಿಟ್ಟ ಮ್ಯಾಲ ಮೊದಲನೇ ಸಲ ಕುಂತ ಕಾಗದಾ ಬರೀಲಿಕತ್ತೀನಿ. ಅಕ್ಷರ ಸೊಟ್ಟ ಆದ್ರ ನಗು. ನಕ್ಕರ ಖರೇನ ನನಗ ಸಂತೋಷ ಆಗತೈತಿ.

ಅಪ್ಪ ಅರಾಮ ಅದಾನ. ಮುಂಜಾನೆ ಎದ್ದ ಮಗ್ಗ ಚಾಲೂ ಮಾಡ್ತಾನ, ನಿನ್ನ ಮಗ್ಗಾನೂ ತಾನ ನಡಸ್ತಾನ, ಇನ್ನೊಬ್ಬರಿಗೆ ಮುಟ್ಟಗೊಡೂದಿಲ್ಲ. ನಿನ್ನ ಹೆಸರ ತಗಿಯೂದಿಲ್ಲ. ಆದ್ರ ಓಣ್ಯಾಗ ಯಾರೋ ನೀ ಫೋನಿನ್ಯಾಗ ಮಾತಾಡ್ಕೋತ ಗಾಡಿ ಹೊಡ್ಯಾಕತ್ತಿದ್ದಿ ಅಂದಿದ್ದಕ್ಕ, ನಮ್ಮಪ್ಪ ಗುರುಪುತ್ರಪ್ಪ, ಅಷ್ಟ ಶಾಂತ ಮನಶ್ಯಾ, ಅವನ ಅಂಗಿ ಹಿಡದ ಗ್ವಾಡಿಗೆ ಒತ್ತಿದ್ದ. ಬಿಡಸಾಕ ನಾ ಹೋಗಬೇಕಾತು. ಅವತ್ತ ನಿನ್ನ ಬಾಜೂಕ ಮುಂದಿನ ಸೀಟಿನ್ಯಾಗ ಇದ್ದಾಂವ ಶಾಕಿರ. ಅಂವ ಕೇಳಿದವರಿಗೆ, ಕೇಳದವರಿಗೆ, ಎಲ್ಲಾರಿಗೂ ಒಂದ ಮಾತ ಹೇಳಕೋತ ಅದಾನ: ಕಬ್ಬಿನ ಟ್ರ್ಯಾಕ್ಟರಿಗೆ ಹಿಂದ ಲೈಟ್ ಇರಲಿಲ್ಲ, ಮಬ್ಬಗತ್ತಲಿತ್ತು, ಅಮರ ಬ್ರೇಕ್ ಹೊಡದಿದ್ದ. ಪೊಲೀಸರ ಮುಂದೂ ಅದನ್ನ ಬರಸ್ಯಾನ.

ನೀ ದವಾಖಾನಿಯಿಂದ ಠಾಣೆಕ್ಕ, ಠಾಣೆದಿಂದ ಸೀದಾ ಬೈಲಹೊಂಗಲಕ್ಕ ಹೋದಿ. ಹಿಂದ ಏನಾತು ನಿನಗ ಗೊತ್ತಿಲ್ಲ. ಉಳವಪ್ಪನ ಮಣ್ಣಿಗೆ ಇಡೀ ವಡಗಾವಿ ಬಂದಿತ್ತು, ಅವತ್ತ ಒಂದೂ ಮಗ್ಗ ಸಪ್ಪಳ ಮಾಡಲಿಲ್ಲ. ಬಾಳೇಶನ ತೊಡಿ ಎಲುಬಿಗೆ ರಾಡ್ ಹಾಕ್ಯಾರ. ಶಾಕಿರಂದು ಹೆಗಲೆಲುಬು ಮುರದ ಕೈ ಕೊಳ್ಳಾಗ ಬಿಗದಾರ. ಕಲ್ಲಯ್ಯನ ಹಣಿಗೆ ಹೊಲಿಗಿ ಬಿದ್ದಾವು, ಉಳದವರೊಳಗ ಕೆಲವರು ಇನ್ನೂ ಕುಂಟತಾರ. ಇಷ್ಟರಾಗ ಫುಟ್‌ಬಾಲ್ ಲೀಗಿನವರಿಂದ ನಿರೋಪ ಬಂತು. ಖಾನಾಪುರದವರ ಕೂಡ ಉಳದಿದ್ದ ಕಡೀ ಮ್ಯಾಚ್ ಆಕ್ಸಿಡೆಂಟ್ ಆತಂತ ಒಮ್ಮೆ ಮುಂದ ಹಾಕ್ಯಾರ, ಇನ್ನೊಮ್ಮೆ ಆಗೂದಿಲ್ಲಂತ. ಹೋಗಲಿಲ್ಲಂದ್ರ ನಮ್ಮ ಟೀಮ್ ಡಿವಿಜನ್ನಿನಿಂದ ಹೊರಗ, ಸೋತರೂ ಹೊರಗ. ಕಡಿಮಿ ಅಂದ್ರ ಸಮಾ ಮಾಡಿದ್ರ ಅಷ್ಟ ಉಳೀತೈತಿ.

ಹುಡುಗೋರಿಗೆ ಮನಸ್ಸಿರಲಿಲ್ಲ. ನನಗೂ ಇರಲಿಲ್ಲ. ಶಾಕಿರನ ಅಪ್ಪ, ನಮ್ಮ ಕೋಚ್ ಕಾಸಿಮಸಾಬ ಚಾಚಾ ಎಲ್ಲಾರನ್ನೂ ನಮ್ಮ ಮಗ್ಗದ ಮನ್ಯಾಗ ಕರದ ಕುಂದರಿಸಿ, “ಸೋತ ಬರೂಣು ಬೇಕಾದ್ರ. ಆದ್ರ ಉಳವಪ್ಪ ಆಡಿದ ಟೀಮು ಮೈದಾನಕ್ಕ ಬರಲಿಲ್ಲಂತ ಬರಸಬಾರ್ದು” ಅಂದ. ಮಾತ ಮುಗಿಸಿ ಕಟ್ಟಿ ಮ್ಯಾಲ ಹೋಗಿ ಕುಂತ, ನಮ್ಮ ಕಡೆ ಬೆನ್ನ ಮಾಡಿ. ಎಣಿಸಿ ನೋಡಿದ್ರ ಓಡಾಡೂವಂಥವ್ರು ಏಳ ಮಂದಿ, ಅದರಾಗ ಕಲ್ಲಯ್ಯನ್ನೂ ಹಿಡದ. ಹೊಸಬರ್ನ ತಗೊಳ್ಳಾಕ ಬರೂದಿಲ್ಲ, ಹೆಸರ ನೋಂದಿಸೂದು ಮುಗದೈತಿ. ಹಳೇ ಸಲಗಿಗೆ ನನ್ನ ಹೆಸರ ಇನ್ನೂ ಇತ್ತು. ಹಿಂಗಾಗಿ ಮೊಣಕಾಲ ಆಪರೇಷನ್ ಆದ ನಿನ್ನ ಅಣ್ಣ, ಎಂಟನೇದಾಂವ ಆಗಿ ಗೋಲಿನ್ಯಾಗ ನಿಂತ. ಏಳಕ್ಕಿಂತ ಕಡಿಮಿ ಆದ್ರ ರೆಫ್ರಿ ಆಟ ನಿಲ್ಲಿಸಿ ಸೋತಂಗ ಬರಕೋತಾನ, ಅದು ನಿನಗ ಗೊತ್ತ.

ಆಡೂದ ಹೆಂಗ ಅನ್ನೂ ಯುಕ್ತಿ ಶಾಕಿರನ ತಗದ. ಹಿಂದ ನಿಂತ ಕೂಗಿ ಆಡಸಾಂವ ನೀನ, ನೀ ಇಲ್ಲ. ಖಾನಾಪುರದವ್ರಿಗೆ ಕನ್ನಡಾನೂ ಬರತೈತಿ, ಮರಾಠೀನೂ ಬರತೈತಿ, ಏನ ಕೂಗಿದ್ರೂ ತಿಳೀತೈತಿ. ಅದಕ್ಕ ಅಂವ ಮಗ್ಗದ ಮಾತಿನ್ಯಾಗ ಕೂಗೂಣು ಅಂದ. ಕರೆಂಟ್ ಹೋದ ಹೊತ್ತಿನ್ಯಾಗ ಮಗ್ಗದ ನಡುವಿನ ಸಂದಿಯೊಳಗ ನಿಂತ ಕಲತೇವಿ, ನೀ ನೋಡಿದ್ರ ಇವರಿಗೆ ಹುಚ್ಚ ಹಿಡದೈತೇನ ಅಂತಿದ್ದಿ. “ಫಣಿ” ಅಂದ್ರ ಐದ ಮಂದಿ ಗೋಲಿನ ಮುಂದ ಮಗ್ಗದ ಹಣಿಗಿ ಹಲ್ಲಿನಗತೆ ಒತ್ತಾಗಿ ನಿಂದರೂದು, ಎರಡೂ ಬಾಜು ಮೈದಾನ ಖಾಲಿ ಬಿಟ್ಟು. ಬೇಕಾದ್ದ ಮಾಡಕೋರಿ, ನಡುವ ಅಷ್ಟ ಬರಬ್ಯಾಡ್ರಿ ಅಂದಂಗ. “ಲಾಳಿ” ಅಂದ್ರ ಮುಂದಿನ ಇಬ್ಬರು ಚೆಂಡಿನ ಬೆನ್ನ ಹತ್ತಿ ಈ ದಂಡಿಯಿಂದ ಆ ದಂಡಿಗೆ ಓಡೂದು. “ಎಳಿ ಹರೀತು” ಅಂದ್ರ, ಎಳಿ ಹರದ ಕೂಡ್ಲೆ ಮಗ್ಗ ಗಪ್ಪನ ನಿಂದರತೈತಲ್ಲ, ಹಂಗ ಎಲ್ಲಾರೂ ಓಡೂದ ನಿಲ್ಲಿಸಿ ಒಮ್ಮೆಲೆ ಮುಂದ ಜಿಗಿಯೂದು. ಅವರ ಹುಡುಗೋರು ನಮ್ಮ ಬೆನ್ನ ಹಿಂದ ಉಳೀತಾರ, ಲೈನ್‌ಮನ್ ಧ್ವಜಾ ಎತ್ತತಾನ, ಆಫ್‌ಸೈಡ್. ಕಾರ್ನರ್ ಬಂದಾಗಂತೂ ಯಾರ್ನೂ ಹಿಡಿಯೂದಿಲ್ಲ. ಏಳೂ ಮಂದಿ ಗೋಲಿನ ಗೆರಿ ಮ್ಯಾಲ ಹೆಗಲಿಗೆ ಹೆಗಲ ಹಚ್ಚಿ ಗ್ವಾಡಿಯಾಗಿ ನಿಂದರೂದು, ನಾ ಒಬ್ಬನ ಮುಂದ ಬಂದ ಚೆಂಡ ಗುದ್ದೂದು.

ನಿನ್ನೆ ಹೋದೇವಿ. ದೇಸೂರ ದಾಟಿದೇವಿ. ಟ್ರ್ಯಾಕ್ಟರಿಗೆ ಬಡದ ಆ ಜಾಗಾ ಬಂದಾಗ ಡ್ರೈವರ ತಾನ ತಿಳಕೊಂಡ ನಿಧಾನ ಮಾಡಿದ, ಹುಡುಗೋರು ಆ ಬಾಜು ಮಾರಿ ತಿರಗಸಲಿಲ್ಲ. ಮೈದಾನ ಮುಟ್ಟಿದ್ರ ಗೋಲಿನ ಹಿಂದ ಬಾರಿಗಿಡದ ಬುಡಕ್ಕ ಫಕೀರವ್ವ ಕುಂತಿದ್ಲು. ಉಳವಪ್ಪನ ಅವ್ವ, ಮಗಾ ಇದ್ದಾಗ ಒಂದ ಆಟಾನೂ ನೋಡಿದಾಕಿ ಅಲ್ಲ. ಚೆಂಡಿನ ಹೆಸರ ತಗದ್ರ ಉರದ ಬೀಳತಿದ್ಲು. ಬಸ್ ಹಿಡದ ಒಬ್ಬಾಕಿನ ಬಂದಿದ್ಲು. ನಾ ಹತ್ರ ಹೋಗಿ ಯಾಕ ಬಂದ್ಯವ್ವಾ ಅಂದ್ರ, “ಅಂವ ನಿಂದರೂ ಜಾಗಾ ಯಾವುದಂತ ನೋಡಾಕ ಬಂದೆ” ಅಂದ್ಲು. ಅವನ ಕೈಗವಸ ಅವನ ಜೋಡೀನ ಮಣ್ಣಾಗ ಹೋಗ್ಯಾವು. ನಾ ಬಾಳೇಶನ ಬೈಕಿನ ಗವಸ ಹಾಕ್ಕೊಂಡ ಆ ಜಾಗಾದಾಗ ನಿಂತೆ. ಅರ್ಧ ಆಟಕ್ಕ ಗೋಲ ಬದಲಾದಾಗ ಅಕೀನೂ ಎದ್ದ ಈ ಗೋಲಿನ ಹಿಂದ ಬಂದ ಕುಂತ್ಲು, ಬೆನ್ನ ಹಿಂದ ಅಕಿ ಇದ್ದಾಳನ್ನೂದ ಆಟ ಮುಗಿಯೂತನಾ ಗೊತ್ತಾಗತಿತ್ತು.

ಮೊದಲನೇ ಅರ್ಧ ನಾವಂದಕೊಂಡಂಗ ನಡೀತು. ಶಾಕಿರ ಒಂದ ಕೈ ಎದಿಗೆ ಕಟಗೊಂಡ ಗೆರಿ ಗುಂಟ ಓಡ್ಯಾಡಿ ಕೂಗಾಂವ, ಹುಡುಗೋರು ಅದರಂಗ ನಿಂದರಾವ್ರು. ಗೋಲಿನ ಗೆರಿ ಮ್ಯಾಲ ಏಳ ಮಂದಿ ಗ್ವಾಡಿ ಆದಾಗ ಖಾನಾಪುರದ ಮಂದಿ ನಕ್ಕರು. ಚೆಂಡ ಕಲ್ಲಯ್ಯನ ಎದಿಗೆ ಬಡದ ಹೊರಗ ಬಂದ ಮ್ಯಾಲ ನಗಲಿಲ್ಲ. “ಎಳಿ ಹರೀತು” ಅಂದಾಗೊಮ್ಮೆ ಅವರ ಮುಂದಿನ ಹುಡುಗೋರು ಎಡವಟ್ಟ ಆಗಿ ನಿಂತ ನಮ್ಮ ಮಾರಿ ನೋಡಾವ್ರು. ಆದ್ರ ಎರಡನೇ ಅರ್ಧದಾಗ ಶಾಕಿರನ ದನಿ ಹೋತು. ಕೂಗಿದ್ರ ಹೆಗಲ ಎಳೀತೈತಿ, ಅಂವ ಬಾಯಿ ತಗದ್ರ ಬರೇ ಗಾಳಿ. ಆಮ್ಯಾಲಿಂದ ನಾನ ಹಿಂದಿಂದ ಕೂಗಿದೆ. ಸ್ವಲ್ಪ ಹೊತ್ತಿಗೆ ಕಲ್ಲಯ್ಯನ ಹೊಲಿಗಿ ಬಿಚ್ಚಿ ಕಣ್ಣಾಗ ರಕ್ತ ಇಳೀತು, ರೆಫ್ರಿ ಹೊರಗ ಹೋಗಂದ. ಏಳ ಮಂದಿ ಉಳದೇವಿ. ಅದಾದ ಕೂಡ್ಲೆ ನಾ ಒಂದ ಚೆಂಡಿಗೆ ಬಿದ್ದ ಏಳೂದ್ರಾಗ ಮೊಣಕಾಲ ಒಳಗ ಏನೋ ಕಟ್ಟಂತು. ಖಾನಾಪುರದ ಕ್ಯಾಪ್ಟನ್ ತಾನ ಓಡಿ ಬಂದ ನನ್ನ ರಟ್ಟಿ ಹಿಡದ. “ದಾದಾ, ಬಸಾ ಥೋಡಾ,” ಸ್ವಲ್ಪ ಕುಂದರ್ರಿ ಅಂತ. ಒಳ್ಳೇ ಹುಡುಗ. ಆದ್ರ ನಾ ಕುಂತ್ರ ಆಟಾನ ಮುಗೀತೈತಲ್ಲ! ಕಂಬಕ್ಕ ಆತು ನಿಂತ ಕೂಗಿದೆ.

ಕಡೀಕಡೀಕ ಹುಡುಗೋರ ಕಾಲ ಸತ್ತ ಹೋಗಿದ್ದವು. ಅವರೊಬ್ಬಾಂವ ನಡುವಿಂದ ಚೆಂಡ ತಗೊಂಡ ಹೊಂಟ. ನಾ ಎಳಿ ಹರೀತು ಅಂತ ಜೀವಾ ಬಿಟ್ಟ ಕೂಗಿದೆ. ನಾಲ್ಕ ಮಂದಿ ಮುಂದ ಜಿಗದ್ರು, ಇನ್ನೊಬ್ಬಾಂವಗ ಎತ್ತಿದ ಕಾಲ ಮುಂದ ಇಡಾಕ ಆಗಲಿಲ್ಲ, ಅಲ್ಲೇ ಕುಸದ. ಧ್ವಜಾ ಏಳಲಿಲ್ಲ. ಆ ಹುಡುಗ ಒಬ್ಬನ ನನ್ನ ಮುಂದ ಬಂದ. ನಾ ಕಂಬ ಬಿಟ್ಟ ಒಂದ ಹೆಜ್ಜಿ ಇಟ್ಟೆ, ಬಿದ್ದೆ. ಚೆಂಡ ನನ್ನ ಮ್ಯಾಲ ಹಾದ ಹೋತು. ಠಣ್ಣಂತ ಕಂಬಕ್ಕ ಬಡದ ಹೊರಗ ಹೋತು. ಅಮರ, ಅದರಾಗ ನಂದೂ ಏನಿಲ್ಲ, ಶಾಕಿರನ ಯುಕ್ತೀದೂ ಏನಿಲ್ಲ. ಕಂಬ ಅಲ್ಲಿತ್ತು, ಅಷ್ಟ.

ಸೀಟಿ ಊದಿದ್ರು. ಸೊನ್ನಿಗೆ ಸೊನ್ನಿ. ನಮ್ಮ ಟೀಮ್ ಉಳೀತು. ಯಾರೂ ಕೂಗಲಿಲ್ಲ, ಯಾರೂ ಯಾರ್ನೂ ಎತ್ತಲಿಲ್ಲ. ರೂಢಿ ಬಿಡಬೇಕಲ್ಲ, ಹುಡುಗೋರು ಗೋಲಿನ ಕಡೆ ಓಡಿ ಬಂದ್ರು, ಪ್ರತಿ ಸಲ ಉಳವಪ್ಪನ ಮ್ಯಾಲ ಹಾರತಿದ್ರಲ್ಲ ಹಂಗ. ಅರ್ಧ ದಾರ್ಯಾಗ ಅವರಿಗೆ ನೆಪ್ಪಾತು. ಅಲ್ಲೇ ಒಬ್ಬೊಬ್ರು ನೆಲಕ್ಕ ಕುಂತ್ರು. ಕಾಸಿಮಸಾಬ ಚಾಚಾ ಗಾಡಿ ಹಿಂದ ಹೋಗಿ ಬಹಳ ಹೊತ್ತ ಹೊರಗ ಬರಲಿಲ್ಲ. ಖಾನಾಪುರದ ಹುಡುಗೋರ ಬಂದ ನನ್ನ ಎತ್ತಿ ಗಾಡ್ಯಾಗ ಕುಂದರ್ಸಿದ್ರು. ಬಾಜೂಕ ಫಕೀರವ್ವ ಬಂದ ಕುಂತ್ಲು, ನನ್ನ ಮೊಣಕಾಲಿಗೆ ತನ್ನ ಸೆರಗ ಒದ್ದಿ ಮಾಡಿ ಸುತ್ತಿದ್ಲು. ಕಾಲ ಬಾವು ಬಂದೈತಿ, ನಾಳೆ ಡಾಕ್ಟರ್ಗೆ ತೋರಸ್ತೀನಿ, ನೀ ಅದರ ಕಾಳಜಿ ಹಚಕೋಬ್ಯಾಡ.

ಊಟಾ ಮಾಡೋ ತಮ್ಮಾ. ಅತ್ತೀನ ಅಳಸಬ್ಯಾಡ, ಅಕಿಗೆ ನಮ್ಮ ಶರಣು ಹೇಳು. ಅಪ್ಪಗ ಕಾಗದಾ ಬರೀಲಿಕತ್ತೀನಿ ಅಂದೆ, ಏನ ಬರೀಲಿ ಅಂದೆ. ಮಗ್ಗ ನಿಲ್ಲಸಲಿಲ್ಲ, ಆದ್ರ ಕೈ ಎತ್ತಿದ. ಅದನ್ನ ಆಶೀರ್ವಾದ ಅಂತ ತಿಳಕೊ. ಬಸವಣ್ಣ ನಿನ್ನ ಕಣ್ಣಿಗೆ ಒಂದೀಟ ನಿದ್ದಿ ಕೊಡ್ಲಿ.

ನಿನ್ನ ಅಣ್ಣ,
ಶಶಿಧರ

ತಾ.ಕ.: ಲಕೋಟಿ ಅಂಟಿಸಿದ್ದೆ, ಮತ್ತ ಹರದ ಬರೀಲಿಕತ್ತೀನಿ. ನಿನ್ನೆ ಗಾಡಿ ಇಳದ ಮ್ಯಾಲ ಫಕೀರವ್ವ ನನ್ನ ತೋಳ ಹಿಡದ ನಿಲ್ಲಿಸಿದ್ಲು. “ಆಂಬುಲೆನ್ಸ್ ಬರೂತನಾ ನನ್ನ ಮಗನ ತಲಿ ಅಮರನ ತೊಡಿ ಮ್ಯಾಲ ಇತ್ತಂತ ಶಾಕಿರ ಹೇಳ್ಯಾನ. ಅಂವ ಏನರ ಅಂದ್ನೇನು? ನೀರರ ಬೇಡಿದ್ನೇನು? ನಿನ್ನ ತಮ್ಮನ್ನ ಕೇಳು” ಅಂದ್ಲು. ನಿನ್ನ ಮ್ಯಾಲ ಅಕಿಗೆ ಸಿಟ್ಟೈತೋ ಇಲ್ಲೋ ನನಗ ತಿಳೀಲಿಲ್ಲ, ಅಕಿ ಹೇಳಲಿಲ್ಲ, ನಾ ಕೇಳಲಿಲ್ಲ. ಫೋನಿನ್ಯಾಗ ಹೇಳೂ ಮಾತಲ್ಲ ಅದು. ನೀ ಬಾ. ಸುಳ್ಳ ಕಟ್ಟಬ್ಯಾಡ. ಅಂವ ಏನೂ ಅಂದಿಲ್ಲಂದ್ರ, ಏನೂ ಅನ್ಲಿಲ್ಲಂತನ ಅಕಿ ಮುಂದ ಕುಂತ ಹೇಳು.